ಮತಯಂತ್ರದ ಮೂಲಕ ಇಂಟರ್‌ಫೇಸ್ ಪಾಠ

ಕೆಲಗೇರಿಯ ಅಭ್ಯಾಸ ಬೋಧನೆಯಲ್ಲಿ ಒಂಬತ್ತನೆಯ ತರಗತಿಗೆ ಯೂಸರ್ ಇಂಟರ್‌ಫೇಸ್ ತತ್ವಗಳನ್ನು ಕಲಿಸಲು ನಾನು ಮೊಬೈಲ್ ಬಿಟ್ಟು ಮತಯಂತ್ರವನ್ನು ಆರಿಸಿಕೊಂಡೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಇದರ ತಯಾರಕರಲ್ಲೊಂದು. ಹಲಗೆಯ ಮೇಲೆ ಅದರ ಚಿತ್ರ ಬರೆದು ಕೇಳಿದೆ: “ಓದು ಬಾರದ ಅಜ್ಜಿ ಯಾರ ನೆರವೂ ಇಲ್ಲದೆ ಹೇಗೆ ಮತ ಹಾಕುತ್ತಾಳೆ?” ನೆರವು ಬೇಕಾದರೆ ಮತದ ಗುಟ್ಟು ಉಳಿಯದು.

ಚರ್ಚೆಯ ಸಾರ ಹೀಗಿತ್ತು:

1. ಹೆಸರಿನ ಪಕ್ಕದ ಚಿಹ್ನೆ: ಸುಲಭ ಗುರುತು.
2. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಬಗೆಯ ನೀಲಿ ಗುಂಡಿ: ಏಕರೂಪತೆ.
3. ಕೆಂಪು ದೀಪ, ಬೀಪ್ ಸದ್ದು, ವಿವಿಪ್ಯಾಟ್ ಕಿಟಕಿಯಲ್ಲಿ 7 ಸೆಕೆಂಡು ಕಾಣುವ ಚೀಟಿ: ಪ್ರತಿಕ್ರಿಯೆ.
4. ಮತ್ತೆ ಒತ್ತಿದರೂ ಎರಡನೆಯ ಮತ ದಾಖಲಾಗದು: ದೋಷ ತಡೆ.
5. ಬ್ರೈಲ್ ಅಂಕಿಗಳು: ಸರ್ವರಿಗೂ ಬಳಕೆ.

ಗುಂಡಿ, ದೀಪ, ಚಿಹ್ನೆ ಇಂಟರ್‌ಫೇಸ್. ‘ನನ್ನ ಮತ ಬಿತ್ತು’ ಎಂಬ ಭರವಸೆ ಬಳಕೆದಾರರ ಅನುಭವ.

ಗೃಹಪಾಠ: ಎಟಿಎಂನಲ್ಲಿ ಈ ಐದನ್ನು ಹುಡುಕಿ.