ಖಾತೆಗೆ ಬಾರದ ಖರ್ಚು: ಕ್ಯಾನ್ಸರ್ ಮತ್ತು ನಮ್ಮ ಸಣ್ಣ ಉದ್ಯಮಗಳು

ಅಂತರರಾಷ್ಟ್ರೀಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 14 ಲಕ್ಷ ಜನರಿಗೆ ಹೊಸದಾಗಿ ಕ್ಯಾನ್ಸರ್ ಕಂಡುಬಂದಿತು. 9 ಲಕ್ಷಕ್ಕೂ ಹೆಚ್ಚು ಜನ ಮೃತಪಟ್ಟರು. ಈ ಸಂಖ್ಯೆಯನ್ನು ಗೂಳೂರಿನ ಒಂದು ಮನೆಯ ಮಟ್ಟಕ್ಕೆ ಇಳಿಸಿ ನೋಡಿದರೆ ವರ್ತಕರಿಗೆ ಅದರ ಭಾರ ಬೇಗನೆ ತಿಳಿಯುತ್ತದೆ.

ಬಾಯಿಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕಿದ್ವಾಯಿ ಆಸ್ಪತ್ರೆಗೆ ಇಲ್ಲಿಂದ ಸುಮಾರು 80 ಕಿ.ಮೀ. ಆರು ವಾರ ಹೋಗಿ ಬಂದರೆ 4,800 ಕಿ.ಮೀ. ಪ್ರಯಾಣ! ಅಲ್ಲಿಯೇ ಉಳಿದರೆ ವಸತಿ, ಊಟದ ಖರ್ಚು. ರೋಗಿಯ ಕೂಲಿಯೊಡನೆ ಜೊತೆಗೆ ಹೋಗುವವರ ಕೂಲಿಯೂ ನಿಲ್ಲುತ್ತದೆ. ಆಸ್ಪತ್ರೆಯ ಬಿಲ್ಲಿನಲ್ಲಿ ಇದಾವುದೂ ಕಾಣುವುದಿಲ್ಲ. ಮೊದಲು ಕೈಸಾಲ, ಅನಂತರ ಒಡವೆ, ಕೊನೆಗೆ ತೆಂಗಿನ ತೋಟ; ಎಷ್ಟೋ ಮನೆಗಳಲ್ಲಿ ಮಕ್ಕಳ ಓದು.

ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯುಂಟು, ಆದರೆ ಅದು ನಿಂತ ಸಂಬಳವನ್ನು ತುಂಬಿಕೊಡದು. ಆ ಕೆಲಸ ಇ.ಎಸ್.ಐ.ಯದು. ಹತ್ತು ಅಥವಾ ಹೆಚ್ಚು ಜನರಿರುವ ಘಟಕದಲ್ಲಿ ತಿಂಗಳಿಗೆ 21,000 ರೂ.ವರೆಗೆ ವೇತನ ಪಡೆಯುವವರು ಇದರ ವ್ಯಾಪ್ತಿಗೆ ಬರುತ್ತಾರೆ. 12,000 ರೂ. ವೇತನಕ್ಕೆ ಮಾಲೀಕರ ಪಾಲು ಶೇ. 3.25ರಂತೆ 390 ರೂ., ಕಾರ್ಮಿಕರ ಪಾಲು 90 ರೂ. ಕ್ಯಾನ್ಸರಿನಂತಹ ದೀರ್ಘ ಕಾಯಿಲೆಗೆ ಶೇ. 80ರಷ್ಟು ವೇತನವು ಗರಿಷ್ಠ ಎರಡು ವರ್ಷದವರೆಗೆ ದೊರೆಯುತ್ತದೆ. ಆದರೆ ಇದಕ್ಕೆ ಎರಡು ವರ್ಷಗಳ ನಿರಂತರ ಸೇವೆ ಮತ್ತು 156 ದಿನಗಳ ವಂತಿಗೆ ಅಗತ್ಯ. ಕಾಯಿಲೆ ತಿಳಿದ ಮೇಲೆ ಹೆಸರು ನೋಂದಾಯಿಸಿದರೆ ಈ ಸೌಲಭ್ಯ ಸಿಗದು. 390 ರೂ. ಉಳಿಸಲು ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿ ಇಲ್ಲವೆಂದು ಯಾರೂ ಹೇಳಲಾರರು.

ಇನ್ನೊಂದು ಮಾತು ಬರೆಯಲು ಕೈ ಹಿಂಜರಿಯುತ್ತದೆ. ಗುಬ್ಬಿ ಸೀಮೆಯ ಎಷ್ಟೋ ಮನೆಗಳು ಅಡಿಕೆಯಿಂದಲೇ ಊಟ ಮಾಡುತ್ತಿವೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಪರಿಗಣಿಸಿದೆ. ಬೆಳೆಗಾರರು ಇದನ್ನು ಒಪ್ಪದಿರಬಹುದು. ಆದರೆ ಸುಲಿಯುವಾಗ ದಿನವಿಡೀ ಅಡಿಕೆ ಜಗಿಯುವವರ ಬಾಯಿ ಕ್ರಮೇಣ ಪೂರ್ತಿ ತೆರೆಯದಂತಾದರೆ, ಅಥವಾ ಬಾಯಿಯೊಳಗೆ ಬಿಳಿ ಮಚ್ಚೆ, ಮಾಯದ ಹುಣ್ಣು ಕಂಡರೆ, ಮಂಡಿಯ ಯಜಮಾನರು ಅವರನ್ನು ವೈದ್ಯರ ಬಳಿಗೆ ಕಳುಹಿಸಲೇಬೇಕು.

ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ಪ್ರಾಥಮಿಕ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನಡೆಸುವ ವ್ಯವಸ್ಥೆಯಿದೆ. ಮಾಲೀಕರ ಕಡೆಯಿಂದ ಬೇಕಾದುದು ಸಂಬಳ ಹಿಡಿಯದ ಅರ್ಧ ದಿನದ ರಜೆ.