ರಬ್ಬರಿನ ಬಲೆ, ರೀಬಟನ್ನಿನ ಪಾಡು

ಟೈರಿನ ರಬ್ಬರ್ ಎಂದರೆ ಉದ್ದುದ್ದ ಅಣುಸರಪಳಿಗಳ ಬಲೆ. ಹಸಿ ರಬ್ಬರಿನಲ್ಲಿ ಸರಪಳಿಗಳು ಒಂದರ ಪಕ್ಕ ಒಂದು ಜಾರುತ್ತವೆ; ಗಂಧಕ ಬೆರೆಸಿ ಬೇಯಿಸಿದರೆ ಅವುಗಳ ನಡುವೆ ಗಂಟು ಬೀಳುತ್ತದೆ, ಎಳೆದು ಬಿಟ್ಟಾಗ ಹಿಂದಿನ ಆಕಾರಕ್ಕೆ ಮರಳುವ ಗುಣ ಬರುತ್ತದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ಈ ಪಾಕವೇ ಮೈಸೂರಿನ ಮೇಟಗಳ್ಳಿಯ ವಿಕ್ರಾಂತ್ ಟೈರ್ ಕಾರ್ಖಾನೆಗೂ ಆಧಾರ.

ಗಂಟುಗಳೆಲ್ಲ ಸಮಾನ ದೂರದಲ್ಲಿರುವ ಬಲೆ ಪುಸ್ತಕದ ಚಿತ್ರದಲ್ಲಷ್ಟೇ ಇರುತ್ತದೆ. ಕೆಲವು ಸರಪಳಿಗಳ ಒಂದು ತುದಿ ಸುಮ್ಮನೆ ಜೋತಾಡುತ್ತದೆ. ಅದು ಭಾರ ಹೊರುವುದಿಲ್ಲ. ಒದ್ದಾಡಿ ಎಳೆತದ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ. ಕೆಲವು ಸರಪಳಿಗಳು ತಮ್ಮೊಳಗೇ ಗಂಟು ಹಾಕಿಕೊಂಡು ಕುಣಿಕೆಯಾಗುತ್ತವೆ. ಇವು ತಾವು ವ್ಯರ್ಥವಾಗುವುದಲ್ಲದೆ ಅಕ್ಕಪಕ್ಕದ ಎಳೆಗಳ ಬಲವನ್ನೂ ಕುಗ್ಗಿಸುತ್ತವೆ ಎಂಬುದನ್ನು 2016ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಜೆಲ್‌ಗಳಲ್ಲಿ ಕುಣಿಕೆಗಳನ್ನು ಎಣಿಸಿ ತೋರಿಸಿದರು. ಒಂದೆಡೆ ದಟ್ಟ, ಇನ್ನೊಂದೆಡೆ ವಿರಳವಾಗಿ ಗಂಟು ಬಿದ್ದರೆ ಗಿಡ್ಡ ಎಳೆಗಳು ಮೊದಲು ಬಿಗಿದು ಹರಿಯುತ್ತವೆ. ಹಾಗೆಂದು ಏರುಪೇರೆಲ್ಲ ಕೆಟ್ಟದ್ದಲ್ಲ: ಗಿಡ್ಡ ಮತ್ತು ಉದ್ದ ಎಳೆಗಳನ್ನು ಬೇಕೆಂದೇ ಬೆರೆಸಿದ ಬಲೆ ಕೆಲವೊಮ್ಮೆ ಹೆಚ್ಚು ಗಟ್ಟಿಮುಟ್ಟು.

ಬೇಡದ ಏರುಪೇರು ರಸ್ತೆಯಲ್ಲಿ ಬಯಲಾಗುತ್ತದೆ. ಮೈಸೂರಿನ ಒಂಟಿಕೊಪ್ಪಲಿನ ಗಾಡಿ ಮಾಲೀಕರೊಬ್ಬರು ಭಾವಮೈದುನನ ಮಾತು ಕಟ್ಟಿಕೊಂಡು ಹಿಂದಿನ ಚಕ್ರಕ್ಕೆ ಅಗ್ಗದ ರೀಬಟನ್ (ಸವೆದ ಟೈರಿಗೆ ಹೊಸ ರಬ್ಬರ್ ಪಟ್ಟಿ ಕೂರಿಸಿ ಬೇಯಿಸಿದ್ದು) ಹಾಕಿಸಿದರು. ತುಂಬಿದ ಲೋಡು, ಕೆ.ಆರ್.ಎಸ್. ರಸ್ತೆ, ಮಧ್ಯಾಹ್ನದ ಬಿಸಿಲು. ಮೊದಲು ಮಡ್‌ಗಾರ್ಡಿಗೆ ಟಪಟಪ ಬಡಿತ. ಪಂಚರ್ ಇರಬಹುದೆಂದು ಚಾಲಕ ವೇಗ ತಗ್ಗಿಸುವಷ್ಟರಲ್ಲಿ ಪಟ್ಟಿ ಪೂರ್ತಿ ಕಿತ್ತುಬಂದು ಬ್ರೇಕ್ ಪೈಪಿಗೆ ಸುತ್ತಿಕೊಂಡಿತು. ಬ್ರೇಕ್ ತುಳಿದರೆ ಹಿಡಿಯಲಿಲ್ಲ, ಗಾಡಿ ಎಡಕ್ಕೆಳೆದು ಮಣ್ಣಿಗಿಳಿದು ನಿಂತಿತು. ಬಿದ್ದ ಪಟ್ಟಿಯ ಹೊರಮೈ ಗಟ್ಟಿಯಾಗಿತ್ತು. ಒಳಮೈಯಲ್ಲಿ ಉಗುರು ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು, ಸಾಸಿವೆಯಷ್ಟು ಗುಳ್ಳೆಗಳೂ ಇದ್ದವು.

ರಬ್ಬರಿಗೆ ಶಾಖ ನಿಧಾನವಾಗಿ ಇಳಿಯುತ್ತದೆ. ಅಚ್ಚಿನಿಂದ ಬೇಗ ತೆಗೆದರೆ ಹೊರಗೆ ಬೆಂದು ಒಳಗೆ ಗಂಟುಗಳು ಕಡಿಮೆ, ಜೋತುಬಿದ್ದ ತುದಿಗಳು ಹೆಚ್ಚು; ಓಡುವಾಗ ಬಿಸಿಯೂ ಅಲ್ಲೇ ಹೆಚ್ಚು. ಇನ್ನೂ ಹೊತ್ತು ಬೇಯಿಸಿದರಾಯಿತು ಎನ್ನುವಂತಿಲ್ಲ: ಸಹಜ ರಬ್ಬರ್ ಅತಿಯಾಗಿ ಬೆಂದರೆ ಗಂಧಕದ ಗಂಟುಗಳೇ ಮುರಿದು ಮತ್ತೆ ಮೆತ್ತಗಾಗುತ್ತದೆ. “ರೀಬಟನ್ ಎಲ್ಲಾ ಒಂದೇ” ಎಂದಿದ್ದ ಭಾವಮೈದುನ ಆಮೇಲೆ ಆ ಮಾತೆತ್ತಲಿಲ್ಲ.

ಹಾಗಾಗಿ ರೀಬಟನ್ ಕೊಳ್ಳುವಾಗ ಪಟ್ಟಿಯ ಅಂಚಿನಲ್ಲಿ ಉಗುರು ಒತ್ತಿ ನೋಡಬೇಕು, ಗುರುತು ಉಳಿದರೆ ಅಥವಾ ಗುಳ್ಳೆ ಇದ್ದರೆ ತೆಗೆದುಕೊಳ್ಳಬಾರದು. ರೀಬಟನ್ ಟೈರನ್ನು ಮುಂದಿನ ಚಕ್ರಕ್ಕೆ ಹಾಕದಿರುವುದು ಒಳ್ಳೆಯದು.