ಅಗಲ ಟಯರೂ ಮಡ್‌ಗಾರ್ಡಿನ ಅಂಚೂ

ನಮ್ಮ ಶಾಲೆಯ ವಿಜ್ಞಾನ ಸಂಘದ ಸದಸ್ಯರಾದ ನಾವು ಒಂದು ಶನಿವಾರ ಕಾಸರಗೋಡು ಪೇಟೆಯ ವರ್ಕ್‌ಶಾಪೊಂದಕ್ಕೆ ಹೋಗಿದ್ದೆವು. ಅಲ್ಲಿದ್ದ ಒಂದು ಕಾರಿನ ಟಯರಿನ ಬದಿಯಲ್ಲಿ ಸುತ್ತಲೂ ಕತ್ತಿಯಿಂದ ಗೀರಿದಂತಹ ಗಾಯವಿತ್ತು. ಚಂದಕ್ಕೆಂದು ಅಗಲ ಟಯರು ಹಾಕಿಸಿದ್ದರಂತೆ. ಕಾರು ಹೊಂಡಕ್ಕೆ ಇಳಿದಾಗಲೆಲ್ಲ ಮಡ್‌ಗಾರ್ಡಿನ ಅಂಚು ಅದನ್ನು ಕೊಯ್ದಿತ್ತು. "ಇನ್ನು ನಾಲ್ಕು ದಿನ ಓಡಿಸಿದ್ದರೆ ಒಡೆಯುತ್ತಿತ್ತು ಮಕ್ಕಳೇ" ಎಂದರು ಮೇಸ್ತ್ರಿ. ಹೀಗೇಕಾಯಿತೆಂಬುದನ್ನು ಲೆಕ್ಕ ಹಾಕಿ ನೋಡೋಣ.

ಮೊದಲಿನ ಟಯರಿನ ಮೇಲೆ 165/80 ಆರ್ 14 ಎಂದು ಬರೆದಿದೆ ಎನ್ನೋಣ. 165 ಎಂದರೆ ಅಗಲ, ಮಿಲಿಮೀಟರುಗಳಲ್ಲಿ. ಬದಿಯ ಎತ್ತರ ಇದರ ಶೇಕಡಾ 80, ಅಂದರೆ 132 ಮಿ.ಮೀ. 'ಆರ್' ಎಂಬುದು ರೇಡಿಯಲ್ ಟಯರಿನ ಗುರುತು. 14 ಎಂದರೆ ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ, ಅದು 355.6 ಮಿ.ಮೀ. ಇದಕ್ಕೆ ಮೇಲಿನ ಹಾಗೂ ಕೆಳಗಿನ ಬದಿಗಳನ್ನು ಕೂಡಿಸಿದರೆ ಒಟ್ಟು ವ್ಯಾಸ 619.6 ಮಿ.ಮೀ.

ಇದರ ಬದಲು 205/65 ಆರ್ 14 ಹಾಕಿದರೆ ವ್ಯಾಸ 622.1 ಮಿ.ಮೀ. ಎತ್ತರದಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ. ಆದರೆ ಅಗಲ 40 ಮಿ.ಮೀ. ಹೆಚ್ಚಿತು. ಚಕ್ರದ ನಡುಗೆರೆ ಇದ್ದಲ್ಲೇ ಇದ್ದರೆ ಒಳಕ್ಕೆ 20, ಹೊರಕ್ಕೆ 20. ಈ ಹೊರಗಿನ 20 ಮಿ.ಮೀ.ಗೆ ಜಾಗವೆಲ್ಲಿ?

ಮಡ್‌ಗಾರ್ಡಿನ ಅಂಚಿನ ತಗಡು ಒಳಕ್ಕೆ ಮಡಚಿರುತ್ತದೆ. ತೆಳು ತಗಡಿಗೆ ಬಿಗಿ ಕೊಡುವುದೇ ಆ ಮಡಿಕೆ. ಜಾಗ ಮಾಡಲು ಎರಡು ದಾರಿಗಳಿವೆ. ಚಕ್ರ ಬಿಚ್ಚಿ, ಆ ಸ್ಥಾನದಲ್ಲಿ ರೋಲರಿನ ಸಲಕರಣೆಯನ್ನು ಬಿಗಿದು, ಅಂಚಿಗೆ ಬಿಸಿಗಾಳಿ ಹಾಯಿಸುತ್ತ ಮಡಿಕೆಯನ್ನು ಸ್ವಲ್ಪಸ್ವಲ್ಪವೇ ಮೇಲಕ್ಕೊತ್ತುವುದು ಒಂದು. ಬಿಸಿ ಸಾಲದಿದ್ದರೆ ಬಣ್ಣ ಬಿರಿದು, ನೀರಿಳಿದು, ತುಕ್ಕು ಹಿಡಿಯುತ್ತದೆ. ಅಂಚನ್ನು ಕತ್ತರಿಸಿ, ಹೊರಕ್ಕೆ ಉಬ್ಬಿದ ತಗಡನ್ನು ವೆಲ್ಡ್ ಮಾಡುವುದು ಇನ್ನೊಂದು. 1974ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ ಪೋರ್ಷೆ 911 ಟರ್ಬೊ ಕಾರಿಗೆ ಅಗಲ ಟಯರಿಗಾಗಿ ಕಾರ್ಖಾನೆಯೇ ಇಂತಹ ಉಬ್ಬು ಕೊಟ್ಟಿತ್ತು. ಆದರೆ ಒಳಗಿನ 20 ಮಿ.ಮೀ. ಸ್ಪ್ರಿಂಗಿಗೋ ಶಾಕ್ ಅಬ್ಸಾರ್ಬರಿಗೋ ತಾಗಿದರೆ ಮಡ್‌ಗಾರ್ಡನ್ನು ಎಷ್ಟು ಬಗ್ಗಿಸಿಯೂ ಫಲವಿಲ್ಲ.

ಇದಲ್ಲದೆ, ನಿಂತ ನೀರಿನ ಮೇಲೆ ವೇಗವಾಗಿ ಹೋಗುವಾಗ ಅಗಲ ಟಯರು ಬೇಗ ತೇಲಿ ಹಿಡಿತ ತಪ್ಪುತ್ತದೆ. ನಮ್ಮ ಮಳೆಗಾಲಕ್ಕೆ ಇದು ಸಣ್ಣ ಮಾತಲ್ಲ. ಕಾನೂನೂ ಇದೆ: ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. ನಮ್ಮ ಕೇರಳದಿಂದಲೇ ಹೋದ ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು.

ಮೇಸ್ತ್ರಿ ಆ ಕಾರಿಗೆ ಮೊದಲಿನ ಅಳತೆಯ ಟಯರನ್ನೇ ಹಾಕಿದರು. ಸುತ್ತಿಗೆಗಿಂತ ಮೊದಲು ಅಳತೆಪಟ್ಟಿ ಹಿಡಿಯಬೇಕೆಂಬ ಪಾಠವನ್ನು ನಾವು ಅಂದು ಕಲಿತು ಬಂದೆವು.